ಕೂರಿಗೆ ಮತ್ತು ತೊಟ್ಟಿಲು: ಧಾರವಾಡ ಸೀಮೆಯ ಬಡಿಗತನ

ಧಾರವಾಡ ಜಿಲ್ಲೆಯ ಬಡಿಗತನಕ್ಕೆ ಎರಡು ಕವಲು. ನವಲಗುಂದ, ಅಣ್ಣಿಗೇರಿಯ ಎರಿಹೊಲಗಳ ಸೀಮೆಯಲ್ಲಿ ಬಡಿಗೇರರ ಕೈಗೆ ಸಿಕ್ಕದ್ದು ಜಾಲಿ, ಬೇವು. ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ಸಾಗವಾನಿ, ಮತ್ತಿ. ಎರಿಸೀಮೆಯವರು ಬೇಸಾಯದ ಸಾಮಾನಿನಲ್ಲಿ ಪಳಗಿದರು, ಕಲಘಟಗಿಯ ಹೆಸರು ಬಣ್ಣದ ತೊಟ್ಟಿಲಿನಿಂದ ಹಬ್ಬಿತು. ಇಂದು ಇಲ್ಲಿಯ ಮರಗೆಲಸ ಎಂದರೆ ಎಲ್ಲರ ಬಾಯಲ್ಲೂ ತೊಟ್ಟಿಲೇ. ಆದರೆ ಈ ಕಸುಬಿನ ಜಾಣ್ಮೆ ಅರಿಯಬೇಕೆಂದರೆ ಮೊದಲು ಬೀಜ ಬಿತ್ತುವ ಕೂರಿಗೆಯನ್ನು ನೋಡಬೇಕು.

ದಪ್ಪ ದಿಂಡಿಗೆ ಸಾಲಾಗಿ ನೆಲ ಸೀಳುವ ತಾಳು ಕೂರಿಸಿ, ಪ್ರತಿ ತಾಳಿಗೂ ಬಿದಿರಿನ ಕೊಳವೆ ಇಳಿಸಿ, ಅವನ್ನೆಲ್ಲ ಮೇಲೆ ಒಂದೇ ಮರದ ಬಟ್ಟಲಿಗೆ ಸೇರಿಸುತ್ತಾರೆ. ಬಿತ್ತುವವರ ಮುಷ್ಟಿಯಿಂದ ಸಡಿಲುವ ಜೋಳ ಬಟ್ಟಲಿನ ತೂತುಗಳಲ್ಲಿ ಸಮನಾಗಿ ಹಂಚಿಹೋಗಬೇಕು. ಒಂದು ತೂತು ಓರೆಯಾದರೂ ಆ ಸಾಲಿನ ಬೆಳೆ ತೆಳ್ಳಗಾಗುತ್ತದೆ. ಬಡಿಗೇರನ ತಪ್ಪು ಸುಗ್ಗಿಯವರೆಗೂ ಹೊಲದಲ್ಲಿ ನಿಂತಿರುತ್ತದೆ. ತಾಳುಗಳ ಅಂತರ ಕೆಟ್ಟರೆ ಮುಂದೆ ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟಿ ಹಾಯುವುದಿಲ್ಲ. ಈ ಜಾಣ್ಮೆ ಹೊರಗಿನವರ ಕಣ್ಣಿಗೂ ಬಿದ್ದಿತ್ತು: 1790ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಹ್ಯಾಲ್ಕಟ್ ದಕ್ಷಿಣ ಭಾರತದ ಕೂರಿಗೆ ಬಿತ್ತನೆಯನ್ನು ಮೆಚ್ಚಿ ಇಂಗ್ಲೆಂಡಿನ ಕೃಷಿ ಮಂಡಳಿಗೆ ಬರೆದಿದ್ದ. ಆ ಬರಹವನ್ನು ಇತಿಹಾಸಕಾರ ಧರಂಪಾಲರು 1971ರ ತಮ್ಮ ಪುಸ್ತಕದಲ್ಲಿ ಸೇರಿಸಿದ್ದಾರೆ.

ಚಕ್ಕಡಿಯ ಗಾಲಿಯೂ ಇಂಥದೇ ಲೆಕ್ಕದ ಕೆಲಸ. ನಡುವಿನ ಗುಂಬಕ್ಕೆ ಅರ ಬಡಿದು, ಸುತ್ತ ಬಾಗಿದ ತುಂಡುಗಳನ್ನು ಜೋಡಿಸಿದ ಮೇಲೆ ಕಬ್ಬಿಣದ ಹಳಿಯ ಸರದಿ. ಗಾಲಿಗಿಂತ ಕೂದಲೆಳೆಯಷ್ಟು ಚಿಕ್ಕದಾದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಾರೆ. ಹಳಿ ಕುಗ್ಗಿದಂತೆ ಸಂದುಗಳೆಲ್ಲ ಕಚ್ಚಿಕೊಳ್ಳುತ್ತವೆ. ಈ ದುಡಿಮೆಗೆಲ್ಲ ರೊಕ್ಕವಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಕಾಳಿನ ಆಯ. ಬಡಿಗೇರರ ಕೆಲಸ ಹೊಲದಾಚೆಗೂ ಇತ್ತು: ಹಲವು ಊರುಗಳಲ್ಲಿ ಗ್ರಾಮದೇವತೆ ದ್ಯಾಮವ್ವನದು ಮರದ ಮೂರ್ತಿ, ಬಡಿಗೇರರ ಮನೆಯೇ ಅವಳ ತವರು. ಕುಂದಗೋಳದ ನಾಡಿಗೇರ ವಾಡೆಯಂಥ ದೊಡ್ಡ ಮನೆಗಳೂ ಇದೇ ಕಸುಬುದಾರರನ್ನು ನೆಚ್ಚಿದ್ದವು.

ಕಬ್ಬಿಣದ ಕುಂಟಿ, ಟಾಯರ್ ಗಾಡಿ, ಟ್ರ್ಯಾಕ್ಟರ್ ಒಂದೊಂದಾಗಿ ಬಂದವು. ವೆಲ್ಡಿಂಗ್ ಅಂಗಡಿ ಬೆಳೆದಂತೆ ಆಯ ಕರಗಿತು. ಬಡಿಗೇರರು ಬಾಗಿಲು, ಕಿಟಕಿ, ಪ್ಲೈವುಡ್ಡಿನ ಕಪಾಟಿನತ್ತ ತಿರುಗಿದರು, ಎಷ್ಟೋ ಮಂದಿ ಹುಬ್ಬಳ್ಳಿ ಸೇರಿದರು. ತೊಟ್ಟಿಲು ಮಾತ್ರ ಬಾಳಿತು. ಸಾಗವಾನಿಯ ಹಲಗೆಗಳ ಮೇಲೆ ಬಾಲಕೃಷ್ಣನ ಲೀಲೆ, ರಾಮಾಯಣದ ಚಿತ್ರ ಬರೆದು ಅರಗಿನ ಹೊಳಪು ಕೊಡುವ ಈ ಕೆಲಸ ಕಲಘಟಗಿಯ ಕೆಲವೇ ಮನೆತನಗಳಲ್ಲಿ ಉಳಿದಿದೆ. 2018ರಲ್ಲಿ ನಟ ಯಶ್ ಅವರ ಮಗುವಿಗೆಂದು ಹಿರಿಯ ನಟ ಅಂಬರೀಶ್ ಹೇಳಿ ಮಾಡಿಸಿದ್ದ ತೊಟ್ಟಿಲು ನಾಡಿನ ತುಂಬ ಸುದ್ದಿಯಾಯಿತು. ಆ ಮರ್ಯಾದೆ ಅದಕ್ಕೆ ಸಲ್ಲತಕ್ಕದ್ದೇ.

2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಒಂದು. ತರಬೇತಿ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಸಾಲ ಸಿಗುತ್ತದೆ. ಒಳ್ಳೆಯದೇ. ಆದರೆ ಕೂರಿಗೆಯ ಬಟ್ಟಲು ಕೊರೆದ ಕೈಗಳಿಗೆ ಈಗ ವಯಸ್ಸಾಗಿದೆ. ಯಾವ ಕಾಳಿಗೆ ಎಷ್ಟು ತೂತು, ತಾಳಿಗೆ ಎಷ್ಟು ಓರೆ, ಯಾವ ಬೆಳೆಗೆ ಎಷ್ಟು ಅಂತರ ಎಂಬುದನ್ನು ಅವರ ಪಕ್ಕ ಕೂತು, ಅಳೆದು, ಚಿತ್ರ ಸಹಿತ ಬರೆದಿಡುವ ಕೆಲಸಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕಿಂತ ಹತ್ತಿರದವರು ಬೇರೆ ಯಾರೂ ಇಲ್ಲ.