ಕೃತಕ ಮಂಡಿಯ ಇತಿಹಾಸ

ನಮ್ಮ ತಾಳವಾಡಿ ಬೆಟ್ಟಸೀಮೆಯಲ್ಲಿ ಬಾಳೆಲ್ಲವೂ ಮಂಡಿಯ ಬಲದ ಮೇಲೆ ನಿಂತಿದೆ. ರಾಗಿಹೊಲದಲ್ಲಿ ಕಳೆ ಕೀಳುವುದು, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು, ನೆಲದ ಮೇಲೆ ಕುಳಿತು ಉಣ್ಣುವುದು, ದಿಣ್ಣೆ ಹತ್ತಿ ಇಳಿಯುವುದು, ಇವುಗಳಲ್ಲಿ ಒಂದಕ್ಕೂ ಮಂಡಿ ಮಡಿಸದೆ ಗತಿಯಿಲ್ಲ. ಆದುದರಿಂದ ಸವೆದ ಮಂಡಿಗೆ ಹೊಸ ಕೀಲನ್ನು ಕೂಡಿಸುವ ವಿದ್ಯೆ ಬೆಳೆದ ಬಗೆಯನ್ನೂ ಅದರ ಫಲ, ಮಿತಿಗಳನ್ನೂ ನಾವು ಅರಿಯುವುದು ಉಚಿತ.

ಮಂಡಿಯಲ್ಲಿ ಎಲುಬಿನ ತುದಿಗಳನ್ನು ನುಣುಪಾದ ಮೃದ್ವಸ್ಥಿಯು ಹೊದೆದಿರುತ್ತದೆ. ಅದು ಸವೆದರೆ ಎಲುಬಿಗೆ ಎಲುಬು ತಾಗಿ ನೋವು, ಬಿಗಿತ, ವಕ್ರತೆ ಉಂಟಾಗುತ್ತವೆ. ಇದಕ್ಕೆ ಪರಿಹಾರವಾಗಿ 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಎಂಬ ವೈದ್ಯನು ಆನೆಯ ದಂತದಿಂದ ತಿರುಗಣಿಯಂತಹ ಕೀಲನ್ನು ಮಾಡಿ ರೋಗಿಯ ಮಂಡಿಯಲ್ಲಿ ಕೂಡಿಸಿದನು. ಆದರೆ ಅವನ ರೋಗಿಗಳ ಕೀಲುಗಳಲ್ಲಿ ಕ್ಷಯದ ಸೋಂಕಿತ್ತು, ಕೀಲುಗಳು ನಿಲ್ಲಲಿಲ್ಲ.

1950ರ ದಶಕದಲ್ಲಿ ಸ್ವೀಡನ್ನಿನ ವಾಲ್ಡಿಯಸ್, ಇಂಗ್ಲೆಂಡಿನ ಶಿಯರ್ಸ್ ಮುಂತಾದವರು ಮತ್ತೆ ಬಾಗಿಲ ತಿರುಗಣಿಯನ್ನು ಹೋಲುವ ಕೀಲುಗಳನ್ನು ರಚಿಸಿದರು. ಮಂಡಿಯಾದರೋ ಕೇವಲ ಬಾಗಿಲಿನಂತೆ ಮಡಿಯುವುದಿಲ್ಲ. ಮಡಿಯುವಾಗ ಉರುಳುತ್ತದೆ, ಜಾರುತ್ತದೆ, ತುಸು ಹೊರಳುತ್ತದೆ. ತಿರುಗಣಿಯು ಈ ಹೊರಳನ್ನು ತಡೆದುದರಿಂದ ಎಳೆತವೆಲ್ಲ ಎಲುಬಿನ ಬೆಸುಗೆಯ ಮೇಲೆ ಬಿದ್ದು ಕೀಲು ಸಡಿಲವಾಗುತ್ತಿತ್ತು.

ಈ ನಡುವೆ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿಯವರು ಲೋಹ, ಪ್ಲಾಸ್ಟಿಕ್ ಹಾಗೂ ಎಲುಬಿಗೆ ಅಂಟುವ ಸಿಮೆಂಟನ್ನು ಬಳಸಿ ಸೊಂಟದ ಕೀಲನ್ನು ಸಿದ್ಧಪಡಿಸಿದ್ದರು. ಅಲ್ಲಿಯೇ ದುಡಿದ ಕೆನಡದ ಫ್ರಾಂಕ್ ಗನ್‌ಸ್ಟನ್ 1968ರ ವೇಳೆಗೆ ಆ ವಿಧಾನವನ್ನು ಮಂಡಿಗೆ ಒಗ್ಗಿಸಿ ತಿರುಗಣಿಯನ್ನು ಕೈಬಿಟ್ಟರು. 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಭಾರತ ಸಂಜಾತರಾದ ಚಿತ್ತರಂಜನ್ ರಣಾವತ್ ಹಾಗೂ ಪೀಟರ್ ವಾಕರ್ ಅವರ ಕೀಲು ಬಳಕೆಗೆ ಬಂದಿತು. ಇಂದಿನ ಕೀಲುಗಳು ಬಹುಮಟ್ಟಿಗೆ ಅದರ ಸಂತತಿಯೇ. ತೊಡೆಯೆಲುಬಿನ ತುದಿಯನ್ನು ತೆಳುವಾಗಿ ಕತ್ತರಿಸಿ ಲೋಹದ ಟೊಪ್ಪಿಗೆಯನ್ನು ತೊಡಿಸುತ್ತಾರೆ; ಕಣಕಾಲಿನ ಎಲುಬಿನ ಮೇಲೆ ಲೋಹದ ತಟ್ಟೆಯನ್ನೂ ಅದರ ಮೇಲೆ ಪ್ಲಾಸ್ಟಿಕ್ಕಿನ ಹಾಸನ್ನೂ ಇಡುತ್ತಾರೆ. ಕಾಲು ನೇರವಾಗುವಂತೆ, ಇಕ್ಕೆಲದ ಕಟ್ಟುಗಳ ಬಿಗಿ ಸಮನಾಗುವಂತೆ ನೋಡಿಕೊಳ್ಳುವುದೇ ಶಸ್ತ್ರವೈದ್ಯನ ಕೌಶಲ. ರಣಾವತ್ ಅವರೇ 2000 ಮತ್ತು 2001ರಲ್ಲಿ ಮುಂಬಯಿಯಲ್ಲಿ ಪ್ರಧಾನಿ ವಾಜಪೇಯಿಯವರ ಮಂಡಿಗಳಿಗೆ ಈ ಚಿಕಿತ್ಸೆ ಮಾಡಿದಾಗ ಇದರ ಹೆಸರು ನಾಡಿನ ಮನೆಮನೆಗೂ ಮುಟ್ಟಿತು.

ಫಲವನ್ನು ಅಳೆಯುವುದು ಹೇಗೆ? 1975ರಲ್ಲಿ ಸ್ವೀಡನ್ ದೇಶವು ಮಂಡಿಯ ಶಸ್ತ್ರಚಿಕಿತ್ಸೆಗಳನ್ನು ದಾಖಲೆಯಲ್ಲಿ ಬರೆದಿಡತೊಡಗಿತು. ಯಾವ ಕೀಲು ಬೇಗ ಕೆಡುವುದೆಂಬುದು ಇಂತಹ ಎಣಿಕೆಯಿಂದ ತಿಳಿಯಿತು. ಇಂತಹ ದಾಖಲೆಗಳನ್ನು ಕೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ, 100 ಪೂರ್ಣ ಕೀಲುಗಳಲ್ಲಿ ಸುಮಾರು 82 ಕೀಲುಗಳು 25 ವರ್ಷ ಬಾಳುತ್ತವೆ. ಆದರೆ ಕೀಲು ಬಾಳಿದ ಮಾತ್ರಕ್ಕೆ ರೋಗಿಯು ಸುಖಿಯೆನ್ನಲಾಗದು. ಸುಮಾರು ಐವರಲ್ಲಿ ಒಬ್ಬರಿಗೆ ಪೂರ್ಣ ತೃಪ್ತಿಯಿಲ್ಲವೆಂದು ಹಲವು ಪರಿಶೀಲನೆಗಳು ತಿಳಿಸಿವೆ.

ಇಲ್ಲಿ ನಮ್ಮ ಸೀಮೆಯವರು ಗಮನಿಸಬೇಕಾದ ಅಂಶವಿದೆ. ಈ ಕೀಲುಗಳು ರೂಪುಗೊಂಡುದು ಕುರ್ಚಿಯ ಮೇಲೆ ಕೂರುವ ನಾಡುಗಳಲ್ಲಿ. ಹೊಸ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿಗಳಷ್ಟು ಮಡಿಯುತ್ತದೆ. ಕುಕ್ಕರಗಾಲಿಗೆ 130ಕ್ಕೂ ಹೆಚ್ಚು ಬೇಕು. ನೋವು ಅಡಗಿ ನಡಿಗೆ ಮರಳಿದರೂ ನೆಲದ ಬಾಳು ಎಲ್ಲರಿಗೂ ಮರಳದು. ಶಸ್ತ್ರಚಿಕಿತ್ಸೆಯ ಅನಂತರ ವಾರಗಟ್ಟಲೆ ವ್ಯಾಯಾಮ ಬೇಕು. ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೋ, ಗಡಿ ದಾಟಿ ಚಾಮರಾಜನಗರಕ್ಕೋ ಹೋಗಿಬರಬೇಕಾದವರಿಗೆ ಅದು ಸುಲಭವಲ್ಲ. ವೆಚ್ಚದ ಭಾರವನ್ನು 2017ರ ಆಗಸ್ಟಿನಲ್ಲಿ ಕೇಂದ್ರದ ಬೆಲೆ ನಿಯಂತ್ರಣ ತುಸು ಇಳಿಸಿತು; ಬಹುಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಅಂದು ತೆರಿಗೆಯ ಹೊರತು 54,720 ರೂಪಾಯಿಗಳ ಮಿತಿ ಗೊತ್ತಾಯಿತು.

ಆದುದರಿಂದ ಮನೆಯ ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯುವ ವಿದ್ಯಾರ್ಥಿಗಳು ಕೀಲಿನ ಬೆಲೆಯೊಂದನ್ನೇ ವಿಚಾರಿಸದಿರಲಿ. ಮಂಡಿ ಎಷ್ಟು ಮಡಿಯುವುದು, ವ್ಯಾಯಾಮ ಕಲಿಸುವವರು ಯಾರು, ಸೋಂಕಿನ ಕುರುಹು ಕಂಡರೆ ಎಲ್ಲಿಗೆ ಬರಬೇಕು ಎಂಬುದನ್ನೂ ಕೇಳಲಿ. ದಂತದ ಕೀಲಿನಿಂದ ಇಂದಿನವರೆಗೆ ಈ ವಿದ್ಯೆ ಬೆಳೆದುದು ಸೋಲನ್ನು ಮುಚ್ಚಿಡದೆ ಎಣಿಸಿದುದರಿಂದ. ನಮ್ಮ ಹಿರಿಯರ ಅನುಭವವೂ ಆ ಎಣಿಕೆಗೆ ಸೇರಬೇಕು.