ಅಪ್ಪ ತಂದ ಹೆಸರಿಲ್ಲದ ರೇಡಿಯೋ

ಮೊನ್ನೆ ಮಗ ತನ್ನ ಆಟದ ವಿಮಾನಕ್ಕೆ ಅಗ್ಗದ ರಿಸೀವರ್ ತರಿಸ್ದ. "ಕಂಪನಿದೇ ತಗೊಳೋ" ಅಂದೆ. "ನನ್ನ ರಿಮೋಟಿನ ಭಾಷೆ ಇದಕ್ಕೂ ಗೊತ್ತಮ್ಮ" ಅಂದ. ಅಪ್ಪನ ನೆನಪಾಯ್ತು ಕಣ್ರೇ.

ಭದ್ರಾವತಿ ಆಕಾಶವಾಣಿ ಶುರುವಾಗಿದ್ದು 1965ರಲ್ಲಿ. ನಾನು ಚಿಕ್ಕೋಳಿದ್ದಾಗ ಉಳ್ಳವರ ಮನೇಲಿ ಮರ್ಫಿ, ಫಿಲಿಪ್ಸ್ ಇರ್ತಿತ್ತು. ಅಪ್ಪ ಪೇಟೇಲಿ ಬಿಡಿಭಾಗ ಜೋಡಿಸಿದ, ಹೆಸರಿಲ್ಲದ ಸೆಟ್ ತಂದ್ರು. ಅಮ್ಮ ಹಾಲು ಮಾರಿ ಕೂಡಿಟ್ಟ ದುಡ್ಡು ಅದು. ಎರಡು ದಿನ ಮಾತೇ ಆಡ್ಲಿಲ್ಲ.

ಅಪ್ಪನ ಲೆಕ್ಕ ಬೇರೆ. ದೂರದ ಸಿಲೋನ್ ಹಿಡಿಯೋಕೆ ಒಳ್ಳೆ ಸೆಟ್ಟೇ ಬೇಕು. ಭದ್ರಾವತಿ ನಮ್ಮ ಸೋಗಾನೆ ಪಕ್ಕದಲ್ಲೇ. ಮೀಡಿಯಂ ವೇವ್ 675 ಕಿಲೋಹರ್ಟ್ಸ್ ಯಾವ ಡಬ್ಬಿಯಾದ್ರೂ ಹಿಡಿಯತ್ತೆ. ಸದ್ದು ಸಣ್ಣಗಾದ್ರೆ ಸೆಟ್ಟನ್ನೇ ಸ್ವಲ್ಪ ತಿರುಗಿಸಿದ್ರಾಯ್ತು, ಏರಿಯಲ್ ಕಡ್ಡಿ ಒಳಗೇ ಇತ್ತು. ಲೈಸೆನ್ಸ್ ದುಡ್ಡು ಮಾತ್ರ ಅಂಚೆ ಕಚೇರೀಲಿ ಕಟ್ಲೇಬೇಕು. ಎಂಬತ್ತರ ದಶಕದಲ್ಲಿ ಅದೂ ಹೋಯ್ತು.

ಒಮ್ಮೆ ಮುಳ್ಳು ಎಳೆಯೋ ದಾರ ಹರೀತು. ಅಮ್ಮನೇ ಬಿಚ್ಚಿ ಹೊಲಿಗೆ ದಾರ ಕಟ್ಟಿದ್ಲು. "ಮರ್ಫಿಯಾಗಿದ್ರೆ ಕೈ ಹಾಕೋ ಧೈರ್ಯ ಬರ್ತಿತ್ತಾ?" ಅಂತ ನಕ್ಕಿದ್ಲು. ಆವತ್ತಿಂದ ಅದು ಅವಳ ರೇಡಿಯೋ.

ಮಗಂಗೆ ಇಷ್ಟೇ ಹೇಳ್ದೆ: ರೇಡಿಯೋ ಕೆಟ್ರೆ ಮನೆ ಮೌನ, ವಿಮಾನದ್ದು ಕೆಟ್ರೆ ಯಾರದೋ ತಲೆ ಮೇಲೆ. ಮೊದಲು ನೆಲದ ಮೇಲಿಟ್ಟು, ದೂರ ಹೋಗಿ ಪರೀಕ್ಷೆ ಮಾಡು. ಮತ್ತೆ ಇಲ್ಲಂತೂ ಹಾರಿಸ್ಬೇಡ. 2023ರಿಂದ ಸೋಗಾನೇಲಿ ನಿಜವಾದ ವಿಮಾನಗಳೇ ಇಳೀತಾವೆ.