ಬರ್ಮಿಂಗ್‌ಹ್ಯಾಮ್ ಕುರ್‌ಆನ್ ಹಾಳೆಗಳು: ಸುದ್ದಿಯಾದದ್ದು, ಸುದ್ದಿಯಾಗದೆ ಉಳಿದದ್ದು

2015ರ ಜುಲೈ 22ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯ ಒಂದು ಪತ್ರಿಕಾ ಹೇಳಿಕೆ ಹೊರಡಿಸಿತು. ತನ್ನ ಗ್ರಂಥಾಲಯದಲ್ಲಿರುವ ಎರಡು ಚರ್ಮಪತ್ರದ ಹಾಳೆಗಳು ಜಗತ್ತಿನಲ್ಲಿ ಉಳಿದು ಬಂದಿರುವ ಅತ್ಯಂತ ಪ್ರಾಚೀನ ಕುರ್‌ಆನ್ ಪ್ರತಿಗಳ ಸಾಲಿಗೆ ಸೇರುತ್ತವೆ ಎಂಬುದು ಅದರ ಸಾರ. ಕೆಲವೇ ಗಂಟೆಗಳಲ್ಲಿ ಬಿಬಿಸಿಯಿಂದ ಹಿಡಿದು ನ್ಯೂಯಾರ್ಕ್ ಟೈಮ್ಸ್‌ವರೆಗೆ ಎಲ್ಲೆಡೆ ಅದು ದೊಡ್ಡ ಸುದ್ದಿಯಾಯಿತು. ಮುಸ್ಲಿಮ್ ಜಗತ್ತು ಸಂತೋಷಪಟ್ಟಿತು. ಆದರೆ ಆಗಸ್ಟ್ ಮುಗಿಯುವಷ್ಟರಲ್ಲಿ ಬ್ರಿಟನ್ನಿನ ಪತ್ರಿಕೆಗಳು ಅದೇ ಹಾಳೆಗಳನ್ನು ಮುಂದಿಟ್ಟುಕೊಂಡು ಬೇರೆಯೇ ಪ್ರಶ್ನೆ ಕೇಳತೊಡಗಿದವು: ಈ ಕುರ್‌ಆನ್ ಪ್ರವಾದಿ ಮುಹಮ್ಮದರಿಗಿಂತಲೂ ಹಳೆಯದೇ? ಹಾಳೆಗಳು ಅವೇ ಆಗಿದ್ದವು. ಪ್ರಯೋಗಾಲಯ ಕೊಟ್ಟ ಅಂಕಿಯೂ ಬದಲಾಗಿರಲಿಲ್ಲ. ಹಾಗಾದರೆ ಒಂದು ತಿಂಗಳೊಳಗೆ ಬದಲಾದದ್ದು ಏನು?

ಮೊದಲಿಗೆ, ಈ ಹಾಳೆಗಳು 'ಪತ್ತೆ'ಯಾದವು ಎಂಬ ಮಾತನ್ನೇ ನೋಡೋಣ. ಅವು ಎಂದೂ ಕಳೆದುಹೋಗಿರಲಿಲ್ಲ. ಇರಾಕಿನ ಮೊಸೂಲ್ ಸಮೀಪ ಹುಟ್ಟಿದ ಅಲ್ಫೋನ್ಸ್ ಮಿಂಗಾನ ಎಂಬ ಕ್ರೈಸ್ತ ಪಾದ್ರಿ 1920ರ ದಶಕದಲ್ಲಿ ಮಧ್ಯಪ್ರಾಚ್ಯದ ಹಸ್ತಪ್ರತಿಗಳ ಸಂಗ್ರಹಕ್ಕೆ ಕೈಹಾಕಿದರು. ಹಣ ಒದಗಿಸಿದವರು ಚಾಕೊಲೇಟ್ ಉದ್ಯಮಕ್ಕೆ ಹೆಸರಾದ ಕ್ಯಾಡ್‌ಬರಿ ಮನೆತನದ ಎಡ್ವರ್ಡ್ ಕ್ಯಾಡ್‌ಬರಿ. ಮೂರು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳ ಆ ಸಂಗ್ರಹದಲ್ಲಿ ಈ ಎರಡು ಹಾಳೆಗಳು ಬೇರೊಂದು ಕುರ್‌ಆನ್ ಪ್ರತಿಯ ಹಾಳೆಗಳೊಂದಿಗೆ ಸೇರಿಕೊಂಡು ಒಂದೇ ಹೊಲಿಗೆಯೊಳಗೆ ಇದ್ದವು. ಎರಡರ ಬರವಣಿಗೆಯೂ ನೋಡಲು ಒಂದೇ ಬಗೆಯದು. ಅಲ್ಬಾ ಫೆದೇಲಿ ಎಂಬ ಇಟಲಿಯ ಸಂಶೋಧಕಿ ಪಿಎಚ್‌ಡಿ ಪದವಿಗಾಗಿ ಈ ಹಾಳೆಗಳನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸಿ, ಎರಡು ಹಾಳೆಗಳು ಬೇರೆಯೇ ಪ್ರತಿಗೆ ಸೇರಿದವು ಎಂದು ಗುರುತಿಸಿದರು. ಚರ್ಮಪತ್ರದ ಪರೀಕ್ಷೆ ನಡೆಯಲು ಅವರ ಈ ಕೆಲಸವೇ ಹಾದಿ ಮಾಡಿಕೊಟ್ಟಿತು. ವರ್ಷಗಟ್ಟಲೆ ಕುಳಿತು ಓದಿದ ಶ್ರಮ 'ಪತ್ತೆ' ಎಂಬ ಒಂದೇ ಪದದಲ್ಲಿ ಕರಗಿಹೋಯಿತು.

ಪರೀಕ್ಷೆ ನಡೆದದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ರೇಡಿಯೋ ಕಾರ್ಬನ್ ಪ್ರಯೋಗಾಲಯದಲ್ಲಿ. ಫಲಿತಾಂಶ: ಶೇ. 95.4ರಷ್ಟು ಸಂಭವನೀಯತೆಯೊಂದಿಗೆ ಕ್ರಿ.ಶ. 568ರಿಂದ 645ರ ನಡುವೆ. ಇಲ್ಲಿ ಎರಡು ಅಂಶಗಳನ್ನು ಗಮನದಲ್ಲಿಡಬೇಕು. ಒಂದು, ಇದು ಒಂದು ಇಸವಿಯಲ್ಲ, 77 ವರ್ಷಗಳ ಅವಧಿ. ಎರಡು, ಈ ಪರೀಕ್ಷೆ ಅಳೆಯುವುದು ಚರ್ಮದ ವಯಸ್ಸನ್ನು; ಅಂದರೆ ಆ ಕುರಿಯೋ ಮೇಕೆಯೋ ಸತ್ತ ಕಾಲವನ್ನು. ಶಾಯಿಯ ವಯಸ್ಸನ್ನಾಗಲಿ, ಬರೆದ ಕೈಯ ಕಾಲವನ್ನಾಗಲಿ ಅದು ಹೇಳುವುದಿಲ್ಲ. ನಮ್ಮ ತಾಳೆಗರಿಗಳ ಉದಾಹರಣೆ ತೆಗೆದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗರಿ ಯಾವಾಗ ಮರದಿಂದ ಇಳಿಯಿತು ಎಂಬುದಕ್ಕೂ ಅದರ ಮೇಲೆ ಕಂಠದಿಂದ ಕಾವ್ಯ ಕೊರೆದದ್ದು ಯಾವಾಗ ಎಂಬುದಕ್ಕೂ ವ್ಯತ್ಯಾಸವಿರಬಹುದು. ಕೆಲವೊಮ್ಮೆ ಒಂದು ವರ್ಷ, ಕೆಲವೊಮ್ಮೆ ಹಲವು ವರ್ಷ.

ಪ್ರವಾದಿ(ಸ)ಯವರ ಜೀವಿತಾವಧಿ ಸುಮಾರು 570ರಿಂದ 632. ದಿವ್ಯವಾಣಿಯ ಆರಂಭ 610ರಲ್ಲಿ. ಮೂರನೆಯ ಖಲೀಫಾ ಉಸ್ಮಾನ್(ರ)ರ ಕಾಲದಲ್ಲಿ, ಸುಮಾರು 650ರಲ್ಲಿ, ಕುರ್‌ಆನಿನ ಅಧಿಕೃತ ಪ್ರತಿಗಳು ಸಿದ್ಧವಾಗಿ ಬೇರೆ ಬೇರೆ ನಗರಗಳಿಗೆ ಹೋದವು. ಈಗ 568 - 645 ಎಂಬ ಅಂಕಿಯನ್ನು ಇದರ ಪಕ್ಕದಲ್ಲಿಟ್ಟರೆ ಏನಾಗುತ್ತದೆಂದು ಊಹಿಸಬಹುದು. 645ರ ತುದಿಯನ್ನು ಹಿಡಿದವರಿಗೆ ಅದು ಸಹಾಬಿಗಳ ಕಾಲದ ಪ್ರತಿ. 568ರ ತುದಿಯನ್ನು ಹಿಡಿದವರಿಗೆ ಅದು ಪ್ರವಾದಿ(ಸ)ಯವರ ಜನನಕ್ಕಿಂತ ಹಿಂದಿನ ಪುಸ್ತಕ. ಜುಲೈ ತಿಂಗಳಲ್ಲಿ ಪತ್ರಿಕೆಗಳು ಮೊದಲ ತುದಿಯನ್ನು ಹಿಡಿದವು, ಆಗಸ್ಟ್‌ನಲ್ಲಿ ಎರಡನೆಯ ತುದಿಯನ್ನು. ಬದಲಾದದ್ದು ಇಷ್ಟೇ.

ವಿಶ್ವವಿದ್ಯಾನಿಲಯವೂ ಇದರಲ್ಲಿ ಪೂರ್ತಿ ನಿರ್ದೋಷಿಯಲ್ಲ ಎಂದೇ ಹೇಳಬೇಕು. ಅಲ್ಲಿನ ಕ್ರೈಸ್ತ ಮತ್ತು ಇಸ್ಲಾಮ್ ಧರ್ಮಗಳ ಪ್ರಾಧ್ಯಾಪಕ ಡೇವಿಡ್ ಥಾಮಸ್, ಇದನ್ನು ಬರೆದ ವ್ಯಕ್ತಿ ಪ್ರವಾದಿಯವರನ್ನು ಬಲ್ಲವನಾಗಿರಬಹುದು, ಅವರ ಉಪದೇಶವನ್ನು ಕೇಳಿರಲೂಬಹುದು ಎಂದರು. ಈ ಚರ್ಮಪತ್ರದ ಮೇಲಿನ ಭಾಗಗಳು ಪ್ರವಾದಿಯವರ ನಿಧನಾನಂತರ ಎರಡು ದಶಕಗಳೊಳಗಿನವು ಎಂದು ಒಂದು ಮಟ್ಟದ ವಿಶ್ವಾಸದಿಂದ ಹೇಳಬಹುದು ಎಂಬ ಮಾತನ್ನೂ ಸೇರಿಸಿದರು. 'ಆಗಿರಬಹುದು', 'ಒಂದು ಮಟ್ಟದ' ಎಂಬ ಪದಗಳನ್ನು ವಿದ್ವಾಂಸರು ಎಚ್ಚರಿಕೆಯಿಂದ ಬಳಸುತ್ತಾರೆ. ತಲೆಬರಹ ಬರೆಯುವವರು ಅವನ್ನೇ ಮೊದಲು ಕತ್ತರಿಸುತ್ತಾರೆ. ಆದರೆ ಚರ್ಮದ ವಯಸ್ಸಿನಿಂದ ಬರಹದ ವಯಸ್ಸಿಗೆ ಜಾರುವ ಕೆಲಸ ಪತ್ರಿಕಾ ಕಚೇರಿಯಲ್ಲಲ್ಲ, ವಿಶ್ವವಿದ್ಯಾನಿಲಯದ ಹೇಳಿಕೆಯಲ್ಲೇ ಶುರುವಾಗಿತ್ತು.

ಸಂಶಯ ವ್ಯಕ್ತಪಡಿಸಿದವರು ಅಂದೇ ಇದ್ದರು, ಅದೂ ಮುಸ್ಲಿಮ್ ವಿದ್ವಾಂಸರಲ್ಲಿ. ರಿಯಾದಿನ ಕಿಂಗ್ ಫೈಸಲ್ ಸಂಶೋಧನಾ ಕೇಂದ್ರದ ಸೌದ್ ಅಲ್ ಸರ್ಹಾನ್, ಅಕ್ಷರಗಳ ಮೇಲೆ ಚುಕ್ಕಿಗಳಿರುವುದು, ಅಧ್ಯಾಯಗಳ ನಡುವೆ ವಿಭಜಕ ಗುರುತುಗಳಿರುವುದು ನಂತರದ ಕಾಲದ ಲಕ್ಷಣ, ಆದ್ದರಿಂದ ಪ್ರತಿ ಅಷ್ಟು ಹಳೆಯದಾಗಿರಲಾರದು ಎಂದರು. ಪ್ರಾಚೀನ ಕುರ್‌ಆನ್ ಹಸ್ತಪ್ರತಿಗಳ ಬಗ್ಗೆ ದೊಡ್ಡ ಹೆಸರಾದ ಫ್ರಾನ್ಸಿನ ಫ್ರಾಂಸ್ವಾ ದೆರೋಶ್ ಕೂಡಾ ಈ ಬಗೆಯ ಚರ್ಮಪತ್ರಗಳಿಗೆ ಕಾರ್ಬನ್ ಪರೀಕ್ಷೆಯೊಂದನ್ನೇ ನಂಬಿ ಕೂರಬಾರದೆಂದು ಮೊದಲಿನಿಂದಲೂ ಹೇಳುತ್ತಾ ಬಂದವರು. ಅವರು ಕೊಡುವ ಉದಾಹರಣೆ ಸ್ವಾರಸ್ಯಕರ. ಟ್ಯುನೀಷಿಯಾದ ಕೈರವಾನ್‌ನಲ್ಲಿ ಕ್ರಿ.ಶ. 1020ರ ಒಂದು ಕುರ್‌ಆನ್ ಪ್ರತಿಯಿದೆ. ಬರೆದ ವರ್ಷ ಅದರಲ್ಲೇ ದಾಖಲಾಗಿದೆ. ಆದರೆ ಕಾರ್ಬನ್ ಪರೀಕ್ಷೆ ಅದನ್ನು ಕೆಲವು ದಶಕಗಳಷ್ಟು ಹಿಂದಕ್ಕೆ ತಳ್ಳಿತು! ಯೆಮನ್‌ನ ಸನಾದಲ್ಲಿ ದೊರೆತ ಪ್ರಾಚೀನ ಪ್ರತಿಯೊಂದರ ಹಾಳೆಗಳು ಬೇರೆ ಬೇರೆ ಪ್ರಯೋಗಾಲಯಗಳಿಗೆ ಹೋದಾಗ ಒಂದಕ್ಕೊಂದು ಹೊಂದದ ಉತ್ತರಗಳು ಬಂದವು. ಕೆಲವು ಉತ್ತರಗಳನ್ನು ಯಾರೂ ನಂಬಲಾರದಷ್ಟು ಹಿಂದಿನವು.

ಆಗಸ್ಟ್‌ನ ಸುದ್ದಿಗಳಲ್ಲಿ ಈ ಎಚ್ಚರಿಕೆಗಳಿಗೆ ಸಿಕ್ಕ ಜಾಗ ಬಹಳ ಕಡಿಮೆ. ಇತಿಹಾಸಕಾರ ಟಾಮ್ ಹಾಲೆಂಡ್ ಅವರಂಥವರು, ಕುರ್‌ಆನಿನ ಉಗಮದ ಬಗ್ಗೆ ನಿಶ್ಚಿತವಾಗಿ ಏನನ್ನೂ ಹೇಳಲಾಗದು ಎಂಬ ತಮ್ಮ ವಾದಕ್ಕೆ ಈ ಹಾಳೆಗಳಲ್ಲಿ ಆಧಾರ ಕಂಡರು. ಲಂಡನ್ನಿನ ಮುಸ್ತಫಾ ಶಾ, ಈ ಪ್ರತಿ ಪರಂಪರಾಗತ ವಿವರಣೆಯನ್ನೇ ಗಟ್ಟಿಗೊಳಿಸುತ್ತದೆ ಎಂದರು. ತಲೆಬರಹವಾದದ್ದು ಯಾವುದೆಂದು ಹೇಳಬೇಕಾಗಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ದುಬೈಯ ಪ್ರತಿಷ್ಠಾನವೊಂದರ ಮುಖ್ಯಸ್ಥರು, ಇದು ಪ್ರಥಮ ಖಲೀಫಾ ಅಬೂಬಕರ್(ರ)ರು ಸಂಗ್ರಹಿಸಿದ ಕುರ್‌ಆನಿನ ಭಾಗವೇ ಎಂದು ಘೋಷಿಸಿದರು. ಅದೂ ಸುದ್ದಿಯಾಯಿತು. 568ನ್ನು ಹಿಡಿದವರ ಉತ್ಸಾಹಕ್ಕೂ ಈ ಉತ್ಸಾಹಕ್ಕೂ ನನಗಂತೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಜುಲೈಯಲ್ಲಿ ಕಾರ್ಬನ್ ಪರೀಕ್ಷೆಯನ್ನು ವಿಜ್ಞಾನದ ಸಾಕ್ಷ್ಯವೆಂದು ಹಂಚಿಕೊಂಡವರಿಗೆ ಆಗಸ್ಟ್‌ನಲ್ಲಿ ಅದನ್ನೇ ಪಿತೂರಿ ಎನ್ನುವ ಹಕ್ಕು ಎಲ್ಲಿಂದ ಬರಬೇಕು? ಕುರ್‌ಆನ್ ಮುಸ್ಲಿಮರ ಬಳಿ ಉಳಿದು ಬಂದದ್ದು ಚರ್ಮದ ಮೇಲೆ ಮಾತ್ರವಲ್ಲ, ಕಂಠಪಾಠದಲ್ಲಿ. ಮದರಸಾದಲ್ಲಿ ಕುಳಿತು ಹಿಫ್ಝ್ ಮಾಡುವ ಹುಡುಗನಿಗೆ ಆಕ್ಸ್‌ಫರ್ಡಿನ ಪ್ರಮಾಣಪತ್ರದ ಅಗತ್ಯ ಎಂದೂ ಬಿದ್ದಿಲ್ಲ.

ಇಂಥ ಪ್ರಕರಣ ಇದೇ ಮೊದಲೂ ಅಲ್ಲ. 1972ರಲ್ಲಿ ಸನಾದ ದೊಡ್ಡ ಮಸೀದಿಯ ದುರಸ್ತಿಯ ವೇಳೆ ಹಳೆಯ ಕುರ್‌ಆನ್ ಹಾಳೆಗಳ ರಾಶಿಯೇ ದೊರೆತಿತ್ತು. ಜರ್ಮನಿಯ ವಿದ್ವಾಂಸರು ಅವುಗಳ ಸಂರಕ್ಷಣೆಯಲ್ಲಿ ತೊಡಗಿದ್ದರು. 1999ರ ಜನವರಿಯಲ್ಲಿ ಅಮೆರಿಕದ ಅಟ್ಲಾಂಟಿಕ್ ಮಾಸಿಕ ಅವುಗಳ ಬಗ್ಗೆ ದೀರ್ಘ ಲೇಖನ ಪ್ರಕಟಿಸಿ, ಕುರ್‌ಆನಿನ ಇತಿಹಾಸವೇ ಅಲುಗಾಡಲಿದೆ ಎಂಬ ನಿರೀಕ್ಷೆ ಹುಟ್ಟಿಸಿತು. ಅಲ್ಲಿನ ಒಂದು ಪ್ರತಿಯಲ್ಲಿ ಅಳಿಸಿದ ಬರಹದ ಮೇಲೆ ಮತ್ತೆ ಬರೆಯಲಾಗಿತ್ತು. ಅಳಿಸಿದ ಆ ಕೆಳಪದರದ ಪಾಠವನ್ನು ಬೆಹನಾಮ್ ಸಾದೆಗಿ ಮತ್ತು ಮೊಹ್ಸೆನ್ ಗೌದರ್ಜಿ ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸುವಾಗ 2012. ಅದರಲ್ಲಿ ಪದಗಳ ವ್ಯತ್ಯಾಸವಿತ್ತು, ಅಧ್ಯಾಯಗಳ ಕ್ರಮ ಬೇರೆಯಿತ್ತು. ಸಹಾಬಿಗಳ ವೈಯಕ್ತಿಕ ಪ್ರತಿಗಳಲ್ಲಿ ಇಂಥ ವ್ಯತ್ಯಾಸಗಳಿದ್ದುದನ್ನು ಮುಸ್ಲಿಮ್ ವಿದ್ವಾಂಸರೇ ಶತಮಾನಗಳ ಹಿಂದೆ ದಾಖಲಿಸಿಟ್ಟಿದ್ದಾರೆ. ಹದಿಮೂರು ವರ್ಷಗಳ ನಂತರ ಬಂದ ಈ ಉತ್ತರ 1999ರ ಓದುಗರಲ್ಲಿ ಎಷ್ಟು ಮಂದಿಯನ್ನು ತಲುಪಿರಬಹುದು?

ಇಷ್ಟೆಲ್ಲ ಗದ್ದಲದ ನಡುವೆ ಬರ್ಮಿಂಗ್‌ಹ್ಯಾಮಿನ ಹಾಳೆಗಳಲ್ಲಿ ಏನಿದೆ ಎಂದು ಕೇಳಿದವರು ವಿರಳ. 18ನೇ ಅಧ್ಯಾಯ ಅಲ್ ಕಹಫ್‌ನ 17ರಿಂದ 31ರವರೆಗಿನ ವಚನಗಳು, 19ನೇ ಅಧ್ಯಾಯ ಮರ್ಯಮ್‌ನ ಕೊನೆಯ ಎಂಟು ವಚನಗಳು, 20ನೇ ಅಧ್ಯಾಯ ತ್ವಾಹಾದ ಮೊದಲ ನಲವತ್ತು ವಚನಗಳು. ಬಲಕ್ಕೆ ವಾಲಿದ ನೀಳ ಅಕ್ಷರಗಳ ಹಿಜಾಝಿ ಲಿಪಿ. ಸ್ವರಚಿಹ್ನೆಗಳಿಲ್ಲ, ಚುಕ್ಕಿಗಳು ವಿರಳ. ಕಾಗುಣಿತದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಬಿಟ್ಟರೆ ಇಂದು ನಾವು ಓದುವ ಪಾಠಕ್ಕೆ ಬಹಳ ಹತ್ತಿರ. ಗುಹಾವಾಸಿಗಳು ಮೂವರೋ ಐವರೋ ಏಳು ಮಂದಿಯೋ ಎಂದು ಜನ ಕತ್ತಲಲ್ಲಿ ಕಲ್ಲೆಸೆದಂತೆ ಊಹಿಸುತ್ತಿದ್ದ ಪ್ರಸಂಗ ಇರುವುದು ಈ ಹಾಳೆಯಲ್ಲೇ. ಸಂಖ್ಯೆಯ ಬಗ್ಗೆ ಅಷ್ಟೆಲ್ಲ ಕಾದಾಡಿದವರು ಅದನ್ನು ಓದಿದ್ದರೋ ಇಲ್ಲವೋ!

ಅಕ್ಟೋಬರ್ 2ರಿಂದ 25ರವರೆಗೆ ವಿಶ್ವವಿದ್ಯಾನಿಲಯದ ಬಾರ್ಬರ್ ಕಲಾ ಸಂಸ್ಥೆಯಲ್ಲಿ ಹಾಳೆಗಳ ಪ್ರದರ್ಶನ ನಡೆಯಿತು. 2011ರ ಜನಗಣತಿಯಂತೆ ಆ ನಗರದ ಐದನೇ ಒಂದಕ್ಕಿಂತ ಹೆಚ್ಚು ಜನ ಮುಸ್ಲಿಮರು. ದಶಕಗಳಿಂದ ತಮ್ಮೂರಲ್ಲೇ ಇದ್ದುದನ್ನು ಅವರು ಮೊದಲ ಬಾರಿಗೆ ಕಾಣುವಂತಾದದ್ದು ಸುದ್ದಿಯ ಗದ್ದಲದಿಂದಲೇ ಎಂಬುದನ್ನು ಒಪ್ಪಬೇಕು. ಫೆದೇಲಿಯವರು ಮಾತ್ರ ಸಾಮೂಹಿಕ ಉತ್ಸಾಹಕ್ಕೂ ವಿದ್ವಾಂಸರ ಎಚ್ಚರಕ್ಕೂ ನಡುವಿನ ಅಂತರವನ್ನೇ ವಿಷಯವಾಗಿಸಿಕೊಂಡು ಮುಂದೆ ಒಂದು ಲೇಖನ ಬರೆದರು.

ಅವರು ಗುರುತಿಸಿದ ಇನ್ನೊಂದು ಸಂಗತಿಯೂ ಇದೆ. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ 16 ಹಾಳೆಗಳು ಇದೇ ಪ್ರತಿಯ ಭಾಗ. ಅವು ಈಜಿಪ್ಟಿನ ಫುಸ್ತಾತ್‌ನಲ್ಲಿರುವ ಅಮ್ರ್ ಇಬ್ನುಲ್ ಆಸ್(ರ) ಮಸೀದಿಯಿಂದ ಬಂದವು. 19ನೇ ಶತಮಾನದ ಆರಂಭದಲ್ಲಿ ಅಸಲೆನ್ ದ ಶೆರ್ವಿಲ್ ಎಂಬ ಫ್ರೆಂಚ್ ಉಪರಾಯಭಾರಿ ಅವನ್ನು ಸಂಗ್ರಹಿಸಿದ್ದ. ಆತನ ಮರಣಾನಂತರ ವಾರಸುದಾರರಿಂದ ಗ್ರಂಥಾಲಯ ಕೊಂಡುಕೊಂಡಿತು. ಎರಡೂ ಸೇರಿದರೆ ಒಟ್ಟು 18 ಹಾಳೆಗಳಾಗುತ್ತವೆ. ಜುಲೈ ತಿಂಗಳ ತಲೆಬರಹಗಳಲ್ಲಿ ಪ್ಯಾರಿಸ್ ಇರಲಿಲ್ಲ, ಫುಸ್ತಾತ್‌ನ ಆ ಮಸೀದಿಯೂ ಇರಲಿಲ್ಲ.